ಹೊನೋರಾ ಚೆಲ್ಲಿದ ನೀರು

ಹೆಸರಿಗೆ ಹೆಸರು ತಾಳೆ ಹಾಕುವುದೇ ಹಂಸಾಳ ಉದ್ಯೋಗ. ಚಾಂಗಿ ಬಿಸಿನೆಸ್ ಪಾರ್ಕಿನ ಒಂದು ಬ್ಯಾಂಕಿನ ಐದನೇ ಮಹಡಿಯಲ್ಲಿ ಕೂತು, ಖಾತೆ ತೆರೆಯಲು ಬಂದ ಜಾನ್ಸನ್ ಟ್ಯಾನ್ ಎಂಬುವನೂ ಎಲ್ಲೋ ವಂಚನೆ ಮಾಡಿ ತಲೆಮರೆಸಿಕೊಂಡ ಜಾನ್‌ಸ್ಟನ್ ಟಾನ್ ಎಂಬುವನೂ ಒಬ್ಬನೇ ಆಸಾಮಿಯೋ ಬೇರೆ ಬೇರೆಯೋ ಎಂದು ತೀರ್ಮಾನಿಸಬೇಕು. ಕಂಪ್ಯೂಟರ್ ಅನುಮಾನ ಪಡುತ್ತದೆ. ಹಂಸಾ ಹೌದು ಅಥವಾ ಅಲ್ಲ ಅನ್ನುತ್ತಾಳೆ. ಹನ್ನೊಂದು ವರ್ಷ ಇದನ್ನೇ ಮಾಡಿ ಅವಳಿಗೆ ಎಂಥ ಚಟ ಹತ್ತಿತ್ತೆಂದರೆ, ಊರಿಂದ ಮದುವೆ ಕರೆಯೋಲೆ ಬಂದರೂ ಮೊದಲು ವಧೂವರರ ಹೆಸರಿನ ಸ್ಪೆಲಿಂಗನ್ನೇ ಪರೀಕ್ಷಿಸುತ್ತಿದ್ದಳು.

ಅವಳ ಸ್ವಂತ ಹೆಸರಿನ ಗತಿಯೇ ಸಿಂಗಪುರದಲ್ಲಿ ನೆಟ್ಟಗಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸೇರಿ ಹಂಸಾ ಅನಂತರಾಮ್ ಎಂದಾಗಿದ್ದರಿಂದ ಅರ್ಧ ಆಫೀಸು ಅವಳಿಗೆ "ಮಿಸ್ಟರ್ ಅನಂತ್" ಎಂದೇ ಮೇಲ್ ಬರೆಯುತ್ತಿತ್ತು. ಮೈಸೂರಿನ ಸರಸ್ವತಿಪುರಂನಲ್ಲಿ ಪೇಪರ್ ಓದಿಕೊಂಡಿದ್ದ ನಿವೃತ್ತ ಅನಂತರಾಮ್ ಅವರಿಗೆ, ಸಮುದ್ರದಾಚೆಯ ಬ್ಯಾಂಕೊಂದರಲ್ಲಿ ತಾವು ಇಷ್ಟು ಚುರುಕಾಗಿ ಕೆಲಸ ಮಾಡುತ್ತಿರುವುದು ಗೊತ್ತೇ ಇರಲಿಲ್ಲ.

ಅವಳಿಗೆ ಮಿಸ್ಟರ್ ಅನ್ನದವರಲ್ಲಿ ಒಬ್ಬನೆಂದರೆ ಎಲ್ಲರಿಗಿಂತ ಮೇಲಿನ ಸಾಹೇಬ, ಡೆಸ್ಮಂಡ್ ಟೂಮಿ. ಅವನು ಅವಳನ್ನು ಹ್ಯಾಮ್ಸಾ ಎಂದು ಕರೆಯುತ್ತಿದ್ದ. ಹುಟ್ಟಿ ಬೆಳೆದದ್ದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ. ಐರ್ಲೆಂಡನ್ನು ಜೀವಮಾನದಲ್ಲಿ ಒಟ್ಟು ಆರು ದಿನ ನೋಡಿದ್ದ, ಅದರಲ್ಲಿ ನಾಲ್ಕು ದಿನ ಮಳೆಯೆಂದು ಪಬ್ಬಿನಿಂದ ಹೊರಗೇ ಬಂದಿರಲಿಲ್ಲ. ಆದರೂ ಮಾತು ಶುರುವಾಗುತ್ತಿದ್ದದ್ದು "ನಾವು ಐರಿಷ್ ಜನ" ಎಂದೇ. ಸಾಫ್ಟ್‌ವೇರ್ ತಡವಾದರೆ, "ನಾವು ಐರಿಷ್ ಜನ ತಾಳ್ಮೆಯವರಲ್ಲ." ತಾನೇ ಮೀಟಿಂಗಿಗೆ ತಡವಾಗಿ ಬಂದರೆ, "ನಾವು ಐರಿಷ್ ಜನ ಗಡಿಯಾರದ ಗುಲಾಮರಲ್ಲ." ಅವನ ಕ್ಯಾಬಿನ್ನಿನ ಗೋಡೆಯ ಮೇಲೆ ಇಂಟರ್‌ನೆಟ್ಟಿನಲ್ಲಿ ತರಿಸಿಕೊಂಡ ವಂಶವೃಕ್ಷವೊಂದು ಚಿನ್ನದ ಕಟ್ಟಿನೊಳಗೆ ತೂಗುತ್ತಿತ್ತು. ಬುಡದಲ್ಲಿ ಸಾವಿರ ವರ್ಷ ಹಿಂದಿನ ಒಬ್ಬ ರಾಜ, ತುದಿಯಲ್ಲಿ ಡೆಸ್ಮಂಡ್. ನಡುವೆ ಎಂಟುನೂರು ವರ್ಷ ಇರಬೇಕಾಗಿದ್ದ ಕಡೆ ಚಿತ್ರಗಾರ ಬಳ್ಳಿ ಎಲೆ ಬಿಡಿಸಿ ಮುಚ್ಚಿದ್ದ.

2017ರ ಜನವರಿಯಲ್ಲಿ ಈ ಬಳ್ಳಿಗೆ ಕುತ್ತು ಬಂತು. ಸಿಂಗಪುರದ ಒಂದು ಐರಿಷ್ ಗೆಳೆಯರ ಬಳಗದವರು ಮಾರ್ಚಿನ ಸಂತ ಪ್ಯಾಟ್ರಿಕ್ ಹಬ್ಬದ ಔತಣಕ್ಕೆ ಡೆಸ್ಮಂಡ್‌ನನ್ನೇ ಮುಖ್ಯ ಭಾಷಣಕಾರ ಎಂದು ಕರೆದರು. ವಿಷಯ: ನನ್ನ ಬೇರುಗಳು. ಆಹ್ವಾನ ಪತ್ರಿಕೆಯಲ್ಲಿ ಹಾಕಿಸಬೇಕೆಂದು ಬಳಗದ ಕಾರ್ಯದರ್ಶಿ, ಮೋರಾ ಎಂಬ ಐರ್ಲೆಂಡಿನ ಕಾರ್ಕ್ ಸೀಮೆಯ ಅಪ್ಪಟ ಐರಿಷ್ ಹೆಂಗಸು, ಒಂದೇ ಸಾಲಿನ ಮೇಲ್ ಕಳಿಸಿದಳು: "ನಿಮ್ಮವರದು ಯಾವ ಊರು?"

ಡೆಸ್ಮಂಡ್‌ನ ಬಳಿ ರಾಜನಿದ್ದ, ಊರಿರಲಿಲ್ಲ.

ಮರುದಿನ ಟೀಮಿನ ಮ್ಯಾನೇಜರ್ ದಿವಾಕರ ಕಾಫಿ ಲೋಟ ಹಿಡಿದು ಹಂಸಾಳ ಸೀಟಿನ ಹತ್ತಿರ ಬಂದ. ಬೆಂಗಳೂರಿನ ವಿಜಯನಗರದವನು. ಮೇಲಿನವರಿಗೆ ಬೆಣ್ಣೆ ಹಚ್ಚುವುದರಲ್ಲಿ ಅವನದು ನುರಿತ ಕೈ.

"ಹಂಸಾ, ಒಂದು ಸ್ಮಾಲ್ ಫೇವರ್. ಡೆಸ್‌ಗೆ ಅವರ ಮುತ್ತಾತನ ಊರು ಬೇಕಂತೆ."

"ಯಾವ ಸಿಸ್ಟಮ್‌ನಲ್ಲಿದೆ?"

"ಯಾವ ಸಿಸ್ಟಮ್‌ನಲ್ಲೂ ಇಲ್ಲ. ಅದೇ ಪ್ರಾಬ್ಲಮ್."

"ಅದಕ್ಕೂ ನಮ್ಮ ಟೀಮ್‌ಗೂ ಏನ್ರೀ ಸಂಬಂಧ?"

ದಿವಾಕರ ದನಿ ತಗ್ಗಿಸಿದ. "ಪ್ರಮೋಷನ್ ಲಿಸ್ಟ್ ಏಪ್ರಿಲ್‌ನಲ್ಲಿ ಬರತ್ತೆ. ಸಂಬಂಧ ಅದೇ."

ಎರಡು ವರ್ಷದಿಂದ ಹಂಸಾಳ ಹೆಸರು ಆ ಪಟ್ಟಿಯ ಹೊಸ್ತಿಲವರೆಗೂ ಹೋಗಿ ವಾಪಸ್ಸಾಗಿತ್ತು. ಅವಳು ನೋಟ್‌ಬುಕ್ ತೆಗೆದುಕೊಂಡು ಮೇಲೆ ಹೋದಳು.

ಡೆಸ್ಮಂಡ್ ಕಿಟಕಿಯ ಹತ್ತಿರ ನಿಂತು, ಎಷ್ಟೋ ಸಲ ಹೇಳಿ ನುಣುಪಾದ ಕಥೆಯನ್ನು ಹೇಳಿದ. ಅವನ ಮುತ್ತಜ್ಜ ಕಾರ್ನೀಲಿಯಸ್ ಟೂಮಿ ಕಾರ್ಕ್ ಸೀಮೆಯ ದೊಡ್ಡ ಮನೆತನದವನು. 1849ರಲ್ಲಿ, ಆಲೂಗಡ್ಡೆ ಕೊಳೆತು ದೇಶಕ್ಕೆ ದೇಶವೇ ಹಸಿದಿದ್ದ ಕಾಲದಲ್ಲಿ, ಬಡವರ ಪರವಾಗಿ ನಿಂತು ಇಂಗ್ಲಿಷ್ ಜಮೀನ್ದಾರನ ಮುಖಕ್ಕೆ ಬೆಳ್ಳಿ ಹಿಡಿಯ ಚಾವಟಿಯಿಂದ ಬಾರಿಸಿ, ಅದೇ ರಾತ್ರಿ ಹಡಗು ಹತ್ತಿದ.

"ಅವರ ಡೇಟ್ ಆಫ್ ಬರ್ತ್, ಸರ್?"

"ಸಾವಿರದ ಎಂಟುನೂರ ಮೂವತ್ತು, ಆಸುಪಾಸು."

"ಅದಕ್ಕೆ ದಾಖಲೆ?"

"ಹ್ಯಾಮ್ಸಾ," ಎಂದ ಡೆಸ್ಮಂಡ್, "1922ರಲ್ಲಿ ಡಬ್ಲಿನ್ನಿನ ದಾಖಲೆ ಭಂಡಾರಕ್ಕೆ ಬೆಂಕಿ ಬಿತ್ತು. ಜನಗಣತಿ, ಉಯಿಲು, ಎಲ್ಲ ಬೂದಿ." ಅದನ್ನು ಹೇಳುವಾಗ ಅವನ ಮುಖದಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಾಗಿ ಕಂಡಿತು.

ಹಂಸಾಳಿಗೆ ಐರ್ಲೆಂಡ್ ಗೊತ್ತಿರಲಿಲ್ಲ. ಕಳೆದುಹೋದ ಮನುಷ್ಯನನ್ನು ಹುಡುಕುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅವನು ಹೊರಟ ಜಾಗದಿಂದ ಹುಡುಕಬಾರದು, ಬಂದು ಸೇರಿದ ಜಾಗದಿಂದ ಹುಡುಕಬೇಕು. ಸುಟ್ಟದ್ದು ಡಬ್ಲಿನ್. ಹಡಗು ಇಳಿದದ್ದು ಆಸ್ಟ್ರೇಲಿಯದಲ್ಲಿ, ಅಲ್ಲಿಗೆ ಯಾರೂ ಬೆಂಕಿ ಇಟ್ಟಿರಲಿಲ್ಲ.

ಬೆಳಿಗ್ಗೆ ಮಗಳು ಅಕ್ಷಿತಾಳನ್ನು ಶಾಲೆಗೆ ಕಳಿಸಿದ ಮೇಲೆ, ಸೆಂಗ್‌ಕಾಂಗಿನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮುಕ್ಕಾಲು ಗಂಟೆ ಕೂರುವುದನ್ನು ಅವಳು ರೂಢಿ ಮಾಡಿಕೊಂಡಳು. ಡೆಸ್ಮಂಡ್‌ನಿಂದ ಅವನ ಅಪ್ಪ, ಅಪ್ಪನಿಂದ ಅಜ್ಜ ಪ್ಯಾಟ್ರಿಕ್, ಒಂದೊಂದೇ ಮೆಟ್ಟಿಲು ಇಳಿದು ನಾಲ್ಕನೇ ದಿನ ಮುತ್ತಜ್ಜ ಕಾರ್ನೀಲಿಯಸ್‌ನ ಮರಣ ಪ್ರಮಾಣಪತ್ರದ ನಕಲು ಹಿಡಿದಳು. 1923ರಲ್ಲಿ ಸತ್ತಾಗ ಅವನಿಗೆ ಎಪ್ಪತ್ತೊಂದು. ಹುಟ್ಟಿದ ಊರು ಇಪ್ಸ್‌ವಿಚ್, ಅದೂ ಇಂಗ್ಲೆಂಡಿನದಲ್ಲ, ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್.

ಗಂಡ ಗಿರಿಧರ ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ದ್ವೀಪದ ಈ ತುದಿಯಿಂದ ಆ ತುದಿಗೆ ಹೋಗುವವನು, ಶೂ ಹಾಕಿಕೊಳ್ಳುತ್ತಾ ಲೆಕ್ಕ ಹಾಕಿದ. "ಅಂದ್ರೆ ಹುಟ್ಟಿದ್ದು ಐವತ್ತೆರಡರಲ್ಲಿ. ಹೊಡೆದಿದ್ದು ನಲವತ್ತೊಂಬತ್ತರಲ್ಲಿ. ಹುಟ್ಟೋಕೆ ಮೂರು ವರ್ಷ ಮುಂಚೆನೇ ಬಾರಿಸಿದಾನೆ ಕಣೆ. ಪ್ರತಿಭಾವಂತ!"

"ಐರ್ಲೆಂಡ್‌ನೇ ನೋಡಿಲ್ಲ ಗಿರಿ ಅವನು."

"ಡೆಸ್ಮಂಡ್ ಆದ್ರೂ ಆರು ದಿನ ನೋಡಿದಾನಲ್ಲ, ಬಿಡು."

ಅದೇ ಪತ್ರದಲ್ಲಿ ತಾಯಿಯ ಹೆಸರಿತ್ತು: ಹೊನೋರಾ ಟೂಮಿ. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದಿತ್ತು. ಹಂಸಾ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಟೂಮಿ ಎಂಬ ಹೆಸರು ಗಂಡಸರಿಂದ ಗಂಡಸರಿಗೆ ಸಾವಿರ ವರ್ಷ ಇಳಿದು ಬಂದದ್ದಲ್ಲ. ಒಬ್ಬ ಹೆಂಗಸು ಅದನ್ನು ತನ್ನ ಮಗನಿಗೆ ತಾನೇ ಕೊಟ್ಟಿದ್ದಳು, ಕೊಡಲು ಬೇರೆ ಯಾರೂ ಇರಲಿಲ್ಲವೆಂದು.

ಇನ್ನು ಕಾಗದಕ್ಕಿಂತ ಬಾಯಿಯೇ ಗತಿ. ಟೂಮಿ ವಂಶದ ಹಿರಿಯ ಜೀವ ಎಂದರೆ ಡೆಸ್ಮಂಡ್‌ನ ಸೋದರತ್ತೆ ನೋರೀನ್. ಎಂಬತ್ತೇಳು ವರ್ಷ, ಬ್ರಿಸ್ಬೇನಿನ ಹತ್ತಿರದ ಒಂದು ವೃದ್ಧರ ನಿಲಯದಲ್ಲಿದ್ದಳು. ಡೆಸ್ಮಂಡ್ ನಂಬರು ಕೊಡುತ್ತಾ, "ಅತ್ತೆಗೆ ಕಿವಿ ಮಂದ, ಏನೂ ನೆನಪಿಲ್ಲ" ಎಂದಿದ್ದ. ಒಂದು ಶನಿವಾರ ಹಂಸಾ ವಿಡಿಯೋ ಕಾಲ್ ಮಾಡಿದಳು. ಪರದೆಯ ಮೇಲೆ ಮೊದಲು ಒಂದು ದೊಡ್ಡ ಕಿವಿ ಕಾಣಿಸಿತು, ಆಮೇಲೆ ನಗುವ ಮುಖ.

"ನೀನೂ ಐರಿಷ್ಷೇನಮ್ಮಾ?"

"ಇಲ್ಲ ಆಂಟಿ, ಮೈಸೂರು."

"ಒಳ್ಳೇದಾಯ್ತು. ಐರಿಷ್ ಆಗಿದ್ದರೆ ನೀನೇ ಮಾತಾಡಿ ಮುಗಿಸಿಬಿಡ್ತಿದ್ದೆ. ಏನು ಬೇಕು ಕೇಳು."

ಹಂಸಾ ಹೊನೋರಾ ಎಂಬ ಹೆಸರು ಹೇಳಿದಳು. ಅತ್ತೆಯ ನಗು ನಿಂತಿತು. ಕಿವಿ ಮಂದವಾದವಳು ಎರಡನೇ ಸಲ ಹೇಳಿಸಿಕೊಳ್ಳಲೇ ಇಲ್ಲ.

"ನಮ್ಮಪ್ಪ ಅವಳ ಮಡಿಲಲ್ಲಿ ಆಡಿದವನು. ನೋರಾ ಅಜ್ಜಿ ಅಂತ ಕರೀತಿದ್ದ. ಬಟ್ಟೆ ಒಗೆದು ಜೀವನ ಮಾಡಿದಳಂತೆ. ಮನೇಲಿ ಒಂದು ಪ್ರಾರ್ಥನೆ ಪುಸ್ತಕ ಇತ್ತು. ಹಿಂದಿನ ಹಾಳೇಲಿ ಎಲ್ಲರ ಹೆಸರು, ಹುಟ್ಟಿದ ದಿನ. ಅದರಲ್ಲಿ ನೋರಾ ಅಜ್ಜಿ ಹೆಸರಿದ್ದ ಮೊದಲನೇ ಹಾಳೆ ನಮ್ಮಮ್ಮ ಹರಿದುಹಾಕಿದಳು. ನಾನೇ ನೋಡಿದೆ. ಒಲೆಗೆ ಹಾಕಿ, 'ಇನ್ನು ನಾವು ಮರ್ಯಾದಸ್ತರು' ಅಂದಳು."

"ಜಮೀನ್ದಾರನಿಗೆ ಹೊಡೆದ ಕಥೆ?"

"ತಿರುಗಿಬಿದ್ದದ್ದು ನಿಜ. ಯಾರು, ಯಾರ ಮೇಲೆ, ಹೇಗೆ ಅನ್ನೋದನ್ನ ಮಾತ್ರ ನಮ್ಮಮ್ಮ ಬದಲಾಯಿಸಿದಳು." ಅತ್ತೆ ಮುಂದೆ ಬಾಗಿದಳು. ಮತ್ತೆ ಕಿವಿಯೇ ಕಾಣಿಸಿತು. "ಇಪ್ಸ್‌ವಿಚ್ ಕೋರ್ಟಿನ ಹಳೇ ಕಡತ ಹುಡುಕು ಮಗಳೇ. ಡೆಸ್‌ಗೆ ಎಷ್ಟೋ ಸಲ ಹೇಳಿದೆ. ಅತ್ತೆಗೆ ಏನೂ ನೆನಪಿಲ್ಲ ಅಂತ ಅವನೇ ತೀರ್ಮಾನ ಮಾಡಿಬಿಟ್ಟಿದಾನೆ."

ಇಲ್ಲಿಂದ ಹಂಸಾಳ ಹನ್ನೊಂದು ವರ್ಷದ ಅನುಭವ ಕೆಲಸಕ್ಕೆ ಬಂತು. ಟೂಮಿ ಎಂದು ಹುಡುಕಿದರೆ ಏನೂ ಸಿಗಲಿಲ್ಲ. ಓದುಬರಹ ಬಾರದವಳ ಹೆಸರನ್ನು ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಟ್ವೋಮಿ, ಟೋಮಿ, ಥೂಮಿ, ಹೀಗೆ ಹದಿನಾಲ್ಕು ರೂಪ ಬರೆದುಕೊಂಡು ಒಂದೊಂದಾಗಿ ಹೊಡೆದು ಹಾಕಿದಳು. ಅಕ್ಷಿತಾ ಹಿಂದಿನಿಂದ ಬಂದು ಇಣುಕಿ, "ಅಮ್ಮ, ಇವರೆಲ್ಲ ಒಬ್ಬರೇನಾ? ಸೋ ಕನ್‌ಫ್ಯೂಸಿಂಗ್ ಲಾ!" ಎಂದು ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿ ಹೋದಳು.

ಒಂಬತ್ತನೇ ರೂಪದಲ್ಲಿ ಹುಡುಗಿ ಸಿಕ್ಕಿದಳು. ಕ್ಷಾಮದ ಕಾಲದಲ್ಲಿ ಐರ್ಲೆಂಡಿನ ಬಡವರ ಆಶ್ರಯಗೃಹಗಳಿಂದ ಅನಾಥ ಹುಡುಗಿಯರನ್ನು ಹಡಗಿನಲ್ಲಿ ತುಂಬಿ ಆಸ್ಟ್ರೇಲಿಯಕ್ಕೆ ಮನೆಗೆಲಸಕ್ಕೆ ಕಳಿಸಿದ್ದರು. ಆ ಹಡಗಿನ ಪಟ್ಟಿಯಲ್ಲಿ ಒಂದು ಸಾಲು: ಹೊನೋರಾ ಟುಮಿ, ವಯಸ್ಸು ಹದಿನೇಳು, ತಂದೆ ಕಾರ್ನೀಲಿಯಸ್, ತಾಯಿ ಮೇರಿ, ಇಬ್ಬರೂ ಇಲ್ಲ. ಕ್ಷಾಮದ ಕಾಲದಲ್ಲಿ ನಿಜವಾಗಿ ಇದ್ದ ಕಾರ್ನೀಲಿಯಸ್ ಅಂದರೆ ಈ ತಂದೆ, ಜಮೀನ್ದಾರನಿಗೆ ಬಾರಿಸಿದವನಲ್ಲ, ಬಹುಶಃ ಹಸಿದೇ ಸತ್ತ ಒಬ್ಬ ಬಡವ. ಅನಾಥ ಮಗಳು ಅಪ್ಪನ ಹೆಸರನ್ನು ಮಗನಿಗಿಟ್ಟಿದ್ದಳು.

ಊರಿನ ಹೆಸರನ್ನು ಗುಮಾಸ್ತ ಯಾರಿಗೂ ತಿಳಿಯದಂತೆ ಗೀಚಿದ್ದ. ಹಾಗೆ ಓದಿಸಿಕೊಳ್ಳುವ ಊರುಗಳು ಕಾರ್ಕ್ ಸೀಮೆಯಲ್ಲಿ ನಾಲ್ಕಿದ್ದವು. ಹಂಸಾ ಅಕ್ಕಪಕ್ಕದವರನ್ನು ಹಿಡಿದಳು. ಹಡಗಿನ ಪಟ್ಟಿಯಲ್ಲಿ ಹೊನೋರಾಳ ಕೆಳಗಿನ ಸಾಲಿನ ಹುಡುಗಿಯೂ ಅದೇ ಊರಿನವಳು, ಬ್ರಿಜೆಟ್ ಹರ್ಲಿ. ನಾಲ್ಕೂ ಊರಿನ ಚರ್ಚುಗಳ ನಾಮಕರಣದ ಪುಸ್ತಕಗಳು ಇಂಟರ್‌ನೆಟ್ಟಿನಲ್ಲಿದ್ದವು. ಮೂರರಲ್ಲಿ ಹರ್ಲಿಗಳೇ ಇರಲಿಲ್ಲ. ನಾಲ್ಕನೆಯದರಲ್ಲಿ, 1832ರ ಒಂದು ಮಸುಕು ಪುಟದಲ್ಲಿ, ಕಾರ್ನೀಲಿಯಸ್ ಮತ್ತು ಮೇರಿಯ ಮಗು ಹೊನೋರಾ. ನಾಮಕರಣಕ್ಕೆ ಸಾಕ್ಷಿಯಾಗಿ ಮಗುವನ್ನು ಎತ್ತಿ ಹಿಡಿದ ಜ್ಞಾನತಾಯಿ ಒಬ್ಬಳು ಹರ್ಲಿ. ಬ್ಯಾಂಕಿನಲ್ಲಾಗಿದ್ದರೆ ಹಂಸಾ ಹೌದು ಎಂಬ ಗುಂಡಿ ಒತ್ತುತ್ತಿದ್ದಳು. ಇಲ್ಲಿ ಒತ್ತಲು ಗುಂಡಿ ಇರಲಿಲ್ಲ. ಎದ್ದು ಹೋಗಿ ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡಳು.

ಫೆಬ್ರವರಿ ಕೊನೆಯಲ್ಲಿ ಬ್ರಿಸ್ಬೇನಿನ ಪತ್ರಾಗಾರದಿಂದ ಕೋರ್ಟಿನ ಕಡತದ ಎರಡು ಪುಟ ಮೇಲ್‌ನಲ್ಲಿ ಬಂದವು. 1850. ಇಪ್ಸ್‌ವಿಚ್ಚಿನ ಅಂಗಡಿಕಾರನ ಹೆಂಡತಿ ತನ್ನ ಮನೆಗೆಲಸದ ಹುಡುಗಿಯ ಮೇಲೆ ಉದ್ಧಟತನದ ದೂರು ಕೊಟ್ಟಿದ್ದಳು. ಭಾನುವಾರ ಚರ್ಚಿಗೆ ಬಿಡುವು ಕೇಳಿದ್ದಕ್ಕೆ, ನಿನ್ನಂಥವಳಿಗೆ ದೇವರು ಬೇರೆ ಕೇಡು ಎಂದಳಂತೆ. ಹುಡುಗಿ ಬಟ್ಟೆ ಒಗೆದ ತೊಟ್ಟಿಯ ನೀರನ್ನು ಎತ್ತಿ ಯಜಮಾನಿತಿಯ ಮೇಲೆ ಸುರಿದಳಂತೆ. ಏನು ಹೇಳುತ್ತೀಯ ಎಂದು ನ್ಯಾಯಾಧೀಶ ಕೇಳಿದ್ದಕ್ಕೆ ಆರೋಪಿಯ ಉತ್ತರವನ್ನು ಗುಮಾಸ್ತ ಇದ್ದಂತೆಯೇ ದಾಖಲಿಸಿದ್ದ:

"ನೀರು ಕೊಳಕಾಗಿತ್ತು, ಸ್ವಾಮಿ, ಚೆಲ್ಲಬೇಕಿತ್ತು. ಅಮ್ಮಾವ್ರು ನಡುವೆ ನಿಂತಿದ್ದರು."

ಹಂಸಾ ಎಮ್‌ಆರ್‌ಟಿ ರೈಲಿನಲ್ಲಿ ನಿಂತುಕೊಂಡು ಇದನ್ನು ಫೋನಿನಲ್ಲಿ ಓದಿ ಗಟ್ಟಿಯಾಗಿ ನಕ್ಕಳು. ಪಕ್ಕದಲ್ಲಿದ್ದ ಚೀನೀ ಅಂಕಲ್ ಒಂದು ಹೆಜ್ಜೆ ಸರಿದು ನಿಂತ.

ನಾಲ್ಕು ಪುಟದ ವರದಿ ಬರೆದಳು. ಮೇಲೆ ಕಳಿಸುವ ಮುಂಚೆ ದಿವಾಕರನಿಗೆ ತೋರಿಸಬೇಕಾಗಿತ್ತು. ಅವನು ಎರಡನೇ ಪುಟಕ್ಕೇ ಬೆವರಿದ.

"ಹಂಸಾ, ಇದೇನ್ರೀ ಇದು? ಅನಾಥೆ, ಕೆಲಸದವಳು, ಕೋರ್ಟ್ ಕೇಸು... ತಂದೆ ಹೆಸರು ಬೇರೆ ಬ್ಲಾಂಕ್. ರಾಜ ಎಲ್ಲಿ?"

"ಸಿಕ್ಕಿಲ್ಲ."

"ಸಿಕ್ಕಿಲ್ಲ ಅಂತ ಬರೀಬೇಡಿ. 'ಪರಿಶೀಲನೆಯಲ್ಲಿದೆ' ಅಂತ ಬರೀರಿ. ಉಳಿದದ್ದು ಡಬ್ಲಿನ್ ಬೆಂಕಿ ಮೇಲೆ ಹಾಕಿ."

"ಕಸ್ಟಮರ್ ಫೈಲ್‌ನಲ್ಲಿ ಹಾಗೆ ಬರೆದ್ರೆ ನೀವೇ ನನಗೆ ಮೆಮೋ ಕೊಡ್ತೀರಿ."

"ಕಸ್ಟಮರ್ ಅಪ್ರೈಸಲ್ ಮಾಡಲ್ಲ ಅಲ್ವಾ!"

ಅವಳು ಒಂದಕ್ಷರ ಬದಲಾಯಿಸದೆ ಕಳಿಸಿದಳು. ಬದಲಾಯಿಸುವ ಆಸೆ ಇರಲಿಲ್ಲವೆಂದಲ್ಲ. ಎರಡು ಸಲ ಆ ಖಾಲಿ ಗೆರೆಯ ಸಾಲನ್ನು ಅಳಿಸಿದಳು, ಎರಡು ಸಲವೂ ವಾಪಸ್ ಹಾಕಿದಳು.

ಡೆಸ್ಮಂಡ್ ಅವಳೆದುರೇ ಓದಿದ. ಓದಿ ಬಾಗಿಲು ಮುಚ್ಚಿದ. ಈ ಸಲ "ನಾವು ಐರಿಷ್ ಜನ" ಅನ್ನಲಿಲ್ಲ. ಅದಕ್ಕೇ ಅವನ ಮೇಲೆ ಹಂಸಾಳಿಗೆ ಮೊದಲ ಬಾರಿಗೆ ಸ್ವಲ್ಪ ಅಕ್ಕರೆ ಹುಟ್ಟಿತು.

"ಹದಿನೇಳು ವರ್ಷ," ಎಂದ. "ನನ್ನ ಮಗಳಿಗೂ ಅಷ್ಟೇ."

"ಹೌದು ಸರ್."

"ಇದು ಬೇರೆ ಯಾರಿಗೆ ಗೊತ್ತು?"

ಅಕ್ಕರೆ ಬಂದ ದಾರಿಯಲ್ಲೇ ವಾಪಸ್ ಹೋಯಿತು. "ನಿಮ್ಮ ಅತ್ತೆಗೆ," ಎಂದಳು. "ಮೊದಲಿನಿಂದಲೂ."

ಅವನು ತುಂಬಾ ಉಪಕಾರವಾಯಿತು ಎಂದು ಹೇಳಿ, ಅವಳನ್ನೂ ಅವಳ ಗಂಡನನ್ನೂ ಔತಣಕ್ಕೆ ಕರೆದ.

ಔತಣ ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ, ನದೀತೀರದ ಒಂದು ಹೋಟೆಲಿನ ಸಭಾಂಗಣದಲ್ಲಿ. ಮುನ್ನೂರು ಜನ. ಐರಿಷರ ಬಣ್ಣವೆಂದು ಹಸಿರು ಟೈ, ಹಸಿರು ಹ್ಯಾಟು, ಹಸಿರು ಬಣ್ಣದ ಬಿಯರ್ ಕೂಡ. ದಿವಾಕರ ಹಸಿರು ಜುಬ್ಬಾ ಹಾಕಿಕೊಂಡು ಮುಂದಿನ ಮೇಜಿನಲ್ಲೇ ಜಾಗ ಹಿಡಿದಿದ್ದ. ಹಂಸಾ, ಗಿರಿಧರರಿಗೆ ಅಡುಗೆಮನೆ ಬಾಗಿಲ ಪಕ್ಕದ ಮೇಜು. ಸಸ್ಯಾಹಾರ ಎಂದು ಮೊದಲೇ ತಿಳಿಸಿದ್ದರಿಂದ ಅವರಿಗೆ ಮೂರು ಬಗೆಯ ಆಲೂಗಡ್ಡೆ ಬಂತು: ಬೇಯಿಸಿದ್ದು, ಹಿಸುಕಿದ್ದು, ಹುರಿದದ್ದು.

"ಇಡೀ ದೇಶ ಇದಿಲ್ಲದೆ ಸತ್ತಿತ್ತಾ?" ಎಂದ ಗಿರಿಧರ, ಮೂರನ್ನೂ ಮುಗಿಸುತ್ತಾ. ಕೇಳಿದ ಮೇಲೆ ತಾನೇ ಸ್ವಲ್ಪ ಮೆತ್ತಗಾದ.

ಅದೇ ಮೇಜಿನಲ್ಲಿ ಬಳಗದ ಕಾರ್ಯದರ್ಶಿ ಮೋರಾ ಕೂತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಹಲ್ಲಿನ ಡಾಕ್ಟರು, ಮೈಮೇಲೆ ಹಸಿರಿನ ಎಳೆಯೂ ಇರಲಿಲ್ಲ. "ಪ್ರತಿ ವರ್ಷ ಕೇಳ್ತೀನಿ," ಎಂದಳು ಹಂಸಾಳ ಕಿವಿಯಲ್ಲಿ. "ಹಡಗು ಹತ್ತಿದವರೆಲ್ಲ ರಾಜಕುಮಾರರು. ನಮ್ಮ ತಾತ ಮುತ್ತಾತಂದಿರು ಮಾತ್ರ ದಡ್ಡರು, ಊರಲ್ಲೇ ಉಳಿದು ಹಂದಿ ಸಾಕಿದರು."

ಡೆಸ್ಮಂಡ್ ವೇದಿಕೆ ಹತ್ತಿದ. ಹಂಸಾ ಚಮಚ ಕೆಳಗಿಟ್ಟಳು. ಅವನು ಮೊದಲಿಗೇ ಹೊನೋರಾಳ ಹೆಸರು ಹೇಳಿದಾಗ ಅವಳಿಗೆ ಆಶ್ಚರ್ಯವೂ ಆಯಿತು, ಹೆಮ್ಮೆಯೂ ಆಯಿತು. ಎರಡೂ ಅರ್ಧ ನಿಮಿಷ ಬಾಳಿದವು. ಡೆಸ್ಮಂಡ್‌ನ ಹೊನೋರಾ ರಾಜವಂಶದ ಕೊನೆಯ ಕುಡಿ. ಕ್ಷಾಮದಲ್ಲಿ ತನ್ನ ಬಂಗಲೆಯ ಉಗ್ರಾಣವನ್ನು ಬಡವರಿಗೆ ತೆರೆದಿಟ್ಟವಳು. ಇಂಗ್ಲಿಷರು ಅವಳನ್ನು ಬಂದಿಯಾಗಿ ಹಡಗಿಗೆ ಹಾಕಿದರು. ಆಸ್ಟ್ರೇಲಿಯದಲ್ಲಿ ಗವರ್ನರ್ ಸಾಹೇಬನ ದರ್ಬಾರಿನಲ್ಲಿ, ಬೆಳ್ಳಿಯ ಬೋಗುಣಿಯಿಂದ ಅವನ ಮುಖಕ್ಕೆ ನೀರೆರಚಿ ಅವಳು ಸ್ವಾತಂತ್ರ್ಯ ಎಂದು ಕೂಗಿದಳು. ಆಮೇಲೆ ಒಬ್ಬ ದೇಶಭಕ್ತನನ್ನು ಮದುವೆಯಾದಳು. ಪಾಪ, ಅವನು ಬೇಗ ತೀರಿಕೊಂಡ.

ಸಭೆ ಕರಗಿತು. ಯಾರೋ ಮೂಗು ಒರೆಸಿಕೊಂಡರು.

"ಇದು ಬರೀ ಮನೆಮಾತಲ್ಲ!" ಡೆಸ್ಮಂಡ್ ಕೈಯೆತ್ತಿದ. "ನಮ್ಮ ಬ್ಯಾಂಕಿನ ಅತ್ಯಂತ ನಿಖರ ಪರಿಶೀಲಕಿ ಪ್ರತಿಯೊಂದನ್ನೂ ತಾಳೆ ನೋಡಿದ್ದಾರೆ. ಹ್ಯಾಮ್ಸಾ, ಎದ್ದು ನಿಲ್ಲಿ! ಹೇಳಿ ಇವರಿಗೆ. ವೆರಿಫೈಡ್?"

ಯಾರೋ ಮೈಕ್ ತಂದು ಅವಳ ಕೈಗಿಟ್ಟರು. ಮುನ್ನೂರು ಮುಖ ಅಡುಗೆಮನೆ ಬಾಗಿಲ ಕಡೆ ತಿರುಗಿದವು. ಮುಂದಿನ ಸಾಲಿನಿಂದ ದಿವಾಕರ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿದ್ದ, ಹೌದು ಅನ್ನಿ, ಹೌದು ಅನ್ನಿ ಎಂಬಂತೆ. ಹೌದು ಎಂಬ ಒಂದು ಮಾತು ಅಂದು ಕೂತರೆ ಆಯಿತು, ಏಪ್ರಿಲ್ ಇನ್ನೆರಡು ವಾರ. ಗಿರಿಧರ ಅವಳ ಮುಖ ನೋಡಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಮೆಲ್ಲಗೆ ದೂರ ಸರಿಸಿದ.

"ಹೆಸರು ಸರಿಯಾಗಿದೆ," ಎಂದಳು ಹಂಸಾ. ದನಿ ಮೈಕಿನಲ್ಲಿ ತನ್ನದಲ್ಲವೆಂಬಂತೆ ಕೇಳಿಸಿತು. "ಹೊನೋರಾ ಟೂಮಿ. ಊರು ಕೂಡ ಸಿಕ್ಕಿದೆ." ಊರಿನ ಹೆಸರು ಹೇಳಿದಳು. ತನ್ನದೇ ಸೀಮೆಯ ಊರೆಂದು ಪಕ್ಕದಲ್ಲಿ ಮೋರಾ ಥಟ್ಟನೆ ತಲೆಯೆತ್ತಿದಳು. "ಉಳಿದದ್ದು ತಾಳೆಯಾಗುವುದಿಲ್ಲ. ಬಂಗಲೆ ಇರಲಿಲ್ಲ. ಅವಳು ಅನಾಥೆ. ಗವರ್ನರ್ ಅಲ್ಲ, ಅಂಗಡಿಕಾರನ ಹೆಂಡತಿ. ಬೆಳ್ಳಿ ಬೋಗುಣಿ ಅಲ್ಲ, ಬಟ್ಟೆ ಒಗೆದ ತೊಟ್ಟಿ. ಸ್ವಾತಂತ್ರ್ಯ ಅಂತಲೂ ಕೂಗಲಿಲ್ಲ. ಕೋರ್ಟಿನಲ್ಲಿ ಅವಳು ಹೇಳಿದ್ದು ಬರೆದಿಟ್ಟಿದ್ದಾರೆ: 'ನೀರು ಕೊಳಕಾಗಿತ್ತು, ಸ್ವಾಮಿ, ಚೆಲ್ಲಬೇಕಿತ್ತು. ಅಮ್ಮಾವ್ರು ನಡುವೆ ನಿಂತಿದ್ದರು.'"

ಮೋರಾ ಮೇಜು ಬಡಿದು ನಕ್ಕಳು. ನಗು ಹಿಂದಿನ ಮೇಜಿನಿಂದ ಮುಂದಿನ ಮೇಜಿಗೆ ಹಬ್ಬಿತು. ಹಸಿರು ಹ್ಯಾಟಿನ ಮುದುಕನೊಬ್ಬ ಎದ್ದು ನಿಂತು ಲೋಟ ಎತ್ತಿ, "ಕೊಳಕು ನೀರಿಗೆ!" ಎಂದ. ಮುನ್ನೂರು ಲೋಟ ಎದ್ದವು. ರಾಜಕುಮಾರಿಗೆ ಮೂಗು ಒರೆಸಿಕೊಂಡಿದ್ದವರು ಅಗಸಗಿತ್ತಿಗೆ ಎದ್ದು ನಿಂತರು.

ಡೆಸ್ಮಂಡ್‌ನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿತು. ಆದರೆ ಅಷ್ಟು ಎತ್ತರದ ಕುರ್ಚಿಗೆ ಅವನು ಸುಮ್ಮನೆ ಏರಿರಲಿಲ್ಲ. ಚಪ್ಪಾಳೆ ನಿಲ್ಲುವ ಮುಂಚೆಯೇ ಮೈಕ್ ಹತ್ತಿರ ಎಳೆದುಕೊಂಡು, "ನಾವು ಐರಿಷ್ ಜನ ಮೊದಲು ಸುಳ್ಳು ಹೇಳಿ ಆಮೇಲೆ ನಿಜ ಹೊರಡಿಸುತ್ತೇವೆ, ನೋಡಿ!" ಎಂದ. ಅದಕ್ಕೂ ಚಪ್ಪಾಳೆ ಬಿತ್ತು.

ಏಪ್ರಿಲ್ ಪಟ್ಟಿಯಲ್ಲಿ ಹಂಸಾಳ ಹೆಸರಿರಲಿಲ್ಲ. ದಿವಾಕರನ ಹೆಸರಿತ್ತು; ಆಫೀಸಿನ ಭಾಷೆಯಲ್ಲಿ ಪರಂಪರೆ ಯೋಜನೆ ಎನಿಸಿಕೊಂಡ ಈ ಹುಡುಕಾಟಕ್ಕೆ ಸಮರ್ಥ ನಾಯಕತ್ವ ಕೊಟ್ಟದ್ದಕ್ಕೆ. ಹಂಸಾಳ ಅಪ್ರೈಸಲ್ಲಿನಲ್ಲಿ, ಕೆಲಸದಲ್ಲಿ ನಿಖರತೆ ಇದೆ, ಸಾರ್ವಜನಿಕ ಸಂದರ್ಭಗಳಲ್ಲಿ ಅದನ್ನು ಹದವಾಗಿ ಬಳಸುವುದನ್ನು ಕಲಿಯಬೇಕು ಎಂದು ಬರೆದಿದ್ದರು. ಕೆಳಗೆ ಅವಳ ಹೆಸರು: ಮಿಸ್ಟರ್ ಅನಂತ್. ಅವಳು ಸಹಿ ಹಾಕುವ ಮುಂಚೆ ಅದೊಂದನ್ನು ಪೆನ್ನಿನಲ್ಲಿ ತಿದ್ದಿದಳು.

ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಎರಡು ದಿನ ಯಾರೊಡನೆಯೂ ನೆಟ್ಟಗೆ ಮಾತಾಡಲಿಲ್ಲ. "ಹೌದು ಅಂದುಬಿಡಬೇಕಿತ್ತಾ ಗಿರಿ?" ಎಂದು ಕೇಳಿದಳು.

"ಅಂದಿದ್ರೆ ಇವತ್ತು ಪ್ರಮೋಷನ್ ಪಾರ್ಟಿ ಮಾಡ್ತಿದ್ವಿ. ನೀನು ಆಗಲೂ ಇದೇ ಮುಖ ಹಾಕ್ಕೊಂಡು ಕೂತಿರ್ತಿದ್ದೆ," ಎಂದ ಗಿರಿಧರ. "ಪಾರ್ಟಿ ಖರ್ಚು ಉಳೀತು ಅಷ್ಟೇ."

ಮೂರನೇ ದಿನ ನೋರೀನ್ ಅತ್ತೆಗೆ ವಿಡಿಯೋ ಕಾಲ್ ಮಾಡಿ ನಡೆದದ್ದನ್ನು ಹೇಳಿದಳು. ಪರದೆಯ ತುಂಬ ಇದ್ದ ಕಿವಿ ಅಲುಗಾಡತೊಡಗಿತು. ಹಂಸಾಳಿಗೆ ಗಾಬರಿಯಾಯಿತು. ಕಿವಿ ಸರಿದ ಮೇಲೆ ನೋಡಿದರೆ ಮುದುಕಿ ಸದ್ದಿಲ್ಲದೆ ಮೈಯೆಲ್ಲ ಕುಲುಕಿಸಿ ನಗುತ್ತಿದ್ದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ನರ್ಸ್ ಓಡಿ ಬಂದು ನಾಡಿ ಹಿಡಿದು ನೋಡಿದಳು. "ಮುನ್ನೂರು ಜನ?" ಎಂದು ಕೇಳಿದಳು ಅತ್ತೆ. "ಎಲ್ಲರೂ ಎದ್ದು ನಿಂತರಾ? ನೋರಾ ಅಜ್ಜಿ ಹೆಣ ಹೊರೋಕೆ ಆರು ಜನ ಸಿಗೋದು ಕಷ್ಟ ಆಗಿತ್ತಂತೆ."

ಡೆಸ್ಮಂಡ್‌ನ ಗೋಡೆಗೆ ಜೂನಿನಲ್ಲಿ ಹೊಸ ವಂಶವೃಕ್ಷ ಬಂತು. ಹೊನೋರಾಳಿಗೆ ನಡುವೆ ಒಂದು ಅಂಡಾಕಾರದ ಚೌಕಟ್ಟು, ಕೈಯಲ್ಲಿ ತೊಟ್ಟಿ. ಅವಳ ಕೆಳಗೆ, ರಾಜನವರೆಗೂ, ಬಳ್ಳಿ ಎಲೆ ಮೊದಲಿಗಿಂತ ಸೊಂಪಾಗಿ ಬೆಳೆದಿತ್ತು. ಭೇಟಿಗೆ ಬಂದವರಿಗೆಲ್ಲ ಅವನೇ ಆ ಕೊಳಕು ನೀರಿನ ಮಾತನ್ನು ಹೇಳಿ ನಗಿಸುತ್ತಿದ್ದ. ತಾನೇ ಕಡತ ಹುಡುಕಿ ತೆಗೆದೆ ಎಂದೂ ಸೇರಿಸುತ್ತಿದ್ದ.

ಆ ಹೊತ್ತಿಗೆ ಹಂಸಾ ಕೆಲಸ ಬದಲಾಯಿಸಿದ್ದಳು. ದೂರವೇನಲ್ಲ, ಎದುರು ಕಟ್ಟಡದ ಇನ್ನೊಂದು ಬ್ಯಾಂಕು. ಶನಿವಾರಗಳು ಮಾತ್ರ ಅವಳ ಕೈಯಲ್ಲಿರಲಿಲ್ಲ. ಔತಣದಲ್ಲಿದ್ದವರು ಒಬ್ಬೊಬ್ಬರಾಗಿ ಅವಳ ನಂಬರು ಹುಡುಕಿಕೊಂಡು ಬಂದಿದ್ದರು. ಒಬ್ಬರಿಗೆ ಬಂಡಾಯಗಾರ ತಾತ ಬೇಕು, ಒಬ್ಬರಿಗೆ ಬಿಷಪ್ಪು ಬೇಕು, ಟುವಾಸ್‌ನ ಒಬ್ಬ ಕ್ರೇನ್ ಮಾರಾಟಗಾರನಿಗೆ ಹೇಗಾದರೂ ಮಾಡಿ 'ಹೆಚ್ಚೇನಲ್ಲ, ಒಂದು ಸಣ್ಣ ಕೋಟೆ' ಬೇಕು. ಅಡುಗೆ ಕೆಲಸದ ಅಜ್ಜಿ ಬೇಕೆಂದು ಯಾರೂ ಕೇಳಲಿಲ್ಲ. ಹಂಸಾ ಮೊದಲೇ ಹೇಳಿಬಿಡುತ್ತಿದ್ದಳು: ಸಿಕ್ಕಿದ್ದನ್ನು ಹೇಳುತ್ತೇನೆ, ಸಿಗದ್ದನ್ನು ಸಿಗಲಿಲ್ಲ ಅನ್ನುತ್ತೇನೆ. ಅರ್ಧ ಜನ ಅಲ್ಲಿಗೇ ಫೋನ್ ಇಡುತ್ತಿದ್ದರು.

ಆಗಸ್ಟಿನ ಒಂದು ಶನಿವಾರ ಮೋರಾ ಸೆಂಗ್‌ಕಾಂಗಿನ ಮನೆಗೇ ಬಂದಳು. ಹಂಸಾ ಕೊಟ್ಟ ಕೋಡುಬಳೆಯನ್ನು ಹಲ್ಲಿನ ಡಾಕ್ಟರಾಗಿಯೇ ಪರೀಕ್ಷಿಸಿ ಕಡಿದಳು. ಆಮೇಲೆ ಕೈಚೀಲವನ್ನು ಮಡಿಲಿಗೆಳೆದುಕೊಂಡು, ಯಾವತ್ತಿನ ಗತ್ತಿಲ್ಲದೆ ಮಾತಾಡಿದಳು.

"ನಮ್ಮವರು ಯಾರೂ ಊರು ಬಿಡಲಿಲ್ಲ ಅಂತ ಹೇಳ್ತಿದ್ದೆನಲ್ಲ. ಒಬ್ಬಳು ಬಿಟ್ಟಿದ್ದಳು. ನಮ್ಮಜ್ಜಿಯ ತಂಗಿ. 1911ರಲ್ಲಿ ನ್ಯೂಯಾರ್ಕಿಗೆ ಅಂತ ಹೋದವಳು ಒಂದು ಕಾಗದವನ್ನೂ ಬರೀಲಿಲ್ಲ. ಅಜ್ಜಿ ಸಾಯೋವರೆಗೂ ಅಂಚೆಯವನು ಬಂದರೆ ಬಾಗಿಲಿಗೆ ಹೋಗ್ತಿದ್ದಳು. ರಾಣಿ ಆಗಿದಾಳೆ ಅಂತ ನಾನೇನೂ ಕೇಳಲ್ಲ. ಬಂದರಿಗೆ ತಲುಪಿದಳಾ ಅಂತ ಗೊತ್ತಾದರೆ ಸಾಕು."

"ಹೆಸರು?" ಎಂದಳು ಹಂಸಾ, ಹೊಸ ಹಾಳೆ ತಿರುವಿ.

ಮೋರಾ ಹೇಳಿದಳು. ಐರಿಷ್ ಭಾಷೆಯ ಹೆಸರು, ನಾಲಿಗೆ ಹೊರಳದ ಕಡೆಯೆಲ್ಲ ಹೊರಳಿತು. ಅಕ್ಷಿತಾ ಹೋಮ್‌ವರ್ಕ್ ಬಿಟ್ಟು ತಿರುಗಿ ನೋಡಿದಳು.

"ಸ್ಪೆಲಿಂಗ್ ಹೇಗೆ?"

"ಗೊತ್ತಿಲ್ಲ. ಅಜ್ಜಿ ಕರೆಯೋದನ್ನ ಕೇಳಿದ್ದೆ ಅಷ್ಟೇ. ಬರೆದದ್ದನ್ನ ನಮ್ಮಲ್ಲಿ ಯಾರೂ ನೋಡಿಲ್ಲ."

ಹಂಸಾ ಪೆನ್ನಿನ ಮುಚ್ಚಳ ತೆಗೆದಳು. "ಇನ್ನೊಂದು ಸಲ ಹೇಳಿ. ನಿಧಾನಕ್ಕೆ. ನಿಮ್ಮಜ್ಜಿ ಹೇಗೆ ಕರೀತಿದ್ದರೋ ಹಾಗೇ."